ಅತ್ತಿಗೆ ನಾದಿದ ಹಿಟ್ಟು

ನಾದಿನಿಯಾದವಳು ಅತ್ತಿಗೆಯನ್ನು ಹೊಗಳುವುದು ಲೋಕರೂಢಿಯಲ್ಲ. ಆದರೂ ಹೊಗಳುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನನ್ನ ಅತ್ತಿಗೆ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ನಮ್ಮ ಬೀದಿಯ ಅರ್ಧಕ್ಕರ್ಧ ಮಕ್ಕಳ ಯೂನಿಫಾರ್ಮು, ಎಷ್ಟೋ ಕಿಟಕಿಗಳ ಪರದೆ ಅವರ ಮೆಷಿನ್ನಿನಿಂದ ಇಳಿದು ಬಂದವು. ಒಂದು ಬೆಳಿಗ್ಗೆ ಗುಂಡಿ ಹಚ್ಚುತ್ತಿದ್ದಾಗ ಸೂಜಿ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಪಾರ್ಶ್ವವಾಯು ಎಂದರು ಡಾಕ್ಟರು. ಕಾಲು, ಮಾತು ಬೇಗ ಸರಿಹೋದವು. ಬಲಗೈ ಬೆರಳುಗಳು ಮಾತ್ರ ಕೊರಡಿನಂತೆ ಉಳಿದವು. ಫಿಸಿಯೋಥೆರಪಿಯ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿ ಎಂದಳು. ಕೆಲವು ದಿನ ಹಿಸುಕಿ ಅತ್ತಿಗೆ ಅದನ್ನು ಪಕ್ಕದ ಮನೆಯ ನಾಯಿಗೆ ಕೊಟ್ಟುಬಿಟ್ಟರು. ಹಿಸುಕಿದರೂ ಅದೇ ಚೆಂಡು, ಬಿಟ್ಟರೂ ಅದೇ ಚೆಂಡು ಎಂಬುದು ಅವರ ದೂರು.

ಮಾರನೇ ದಿನ, ಪಿಜ್ಜಾ ಮಾಡುತ್ತೇನೆ ಎಂದರು.

ನಮ್ಮ ಮನೆಯಲ್ಲಿ ಯಾರೂ ಪಿಜ್ಜಾ ಮಾಡಿದವರಲ್ಲ. ತಿಂದದ್ದೂ ಒಂದೆರಡು ಸಲ, ಡಬ್ಬಿಯಲ್ಲಿ ಬಂದದ್ದು. ಇದೇ ಏಕೆ ಎಂದು ಕೇಳಿದೆ. ಬೇರೆ ಏನು ಮಾಡಿದರೂ ನೀವೆಲ್ಲ ಮನಸ್ಸಿನಲ್ಲೇ ಮೊದಲಿನ ಕೈರುಚಿಗೆ ಹೋಲಿಸಿ ಪಾಪ ಅಂತೀರಿ, ಪಿಜ್ಜಾಕ್ಕೆ ಮೊದಲಿನದು ಅಂತ ಒಂದಿಲ್ಲವಲ್ಲ ಎಂದರು. ಇಷ್ಟು ಬುದ್ಧಿ ಇರುವ ಹೆಂಗಸು ನನ್ನ ಅಣ್ಣನನ್ನು ಹೇಗೆ ಒಪ್ಪಿಕೊಂಡರೋ ಎಂದು ನನಗೆ ಮತ್ತೊಮ್ಮೆ ಆಶ್ಚರ್ಯವಾಯಿತು.

ಅಣ್ಣನ ಲೆಕ್ಕಾಚಾರ ಬೇರೆಯೇ ಇತ್ತು. ಸುಮ್ಮನೆ ನಿಂತ ಮೆಷಿನ್ ನೋಡಿ ನೋಡಿ ಹೆಂಡತಿ ಕೊರಗುತ್ತಾಳೆ, ಅದು ಕಣ್ಣೆದುರಿಂದ ಹೋದರೆ ಸಂಕಟವೂ ಹೋಗುತ್ತದೆ ಎಂದು ಅವನಿಗೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಹಿಂದಿನ ಬೀದಿಯ ಮನೆಯೊಂದರಲ್ಲಿ ಹೊಸದಾಗಿ ಹೊಲಿಗೆ ಶುರುಮಾಡಿದ್ದ ಸೊಸೆಗೆ ಅದನ್ನು ಮಾರುವ ಮಾತಾಡಿ ಬಂದಿದ್ದ. ಅತ್ತಿಗೆ ಕೂಗಾಡಲಿಲ್ಲ. ತಿಂಗಳ ಕೊನೆಯ ಭಾನುವಾರ ಅವಳು ಊಟಕ್ಕೇ ಬರಲಿ, ಅಷ್ಟರಲ್ಲಿ ಈ ಕೈ ಮೆಷಿನ್ನಿಗೆ ಆಗುತ್ತದೋ ಇಲ್ಲವೋ ನಾನೇ ನೋಡಿ ಹೇಳುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದರು.

ಮೈದಾ, ಉಗುರುಬೆಚ್ಚಗಿನ ನೀರು, ಈಸ್ಟ್, ಉಪ್ಪು, ಎಣ್ಣೆ. ಎಡಗೈ ಸಹಾಯಕ್ಕೆ ಓಡಿ ಬರುತ್ತದೆ ಎಂದು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದಲೇ ನಾದಲು ನಿಂತರು. ಹಿಟ್ಟು ಅರ್ಧ ಪಾತ್ರೆಗೆ, ಅರ್ಧ ಮೊಣಕೈಗೆ ಮೆತ್ತಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಅಣ್ಣ ಸಮಾಧಾನ ಮಾಡಲು ಬಂದ. ಕೆಸರಾಗೋದಕ್ಕೂ ಕೈ ಅಂತ ಒಂದು ಬೇಕಲ್ಲ ಎಂದರು ಅತ್ತಿಗೆ. ಆ ದಿನದ ಪಿಜ್ಜಾ ಅಗಿದು ನನ್ನ ದವಡೆಗೇ ಫಿಸಿಯೋಥೆರಪಿ ಬೇಕಾಯಿತು. ಮುಂದಿನದು ಒಳಗೆ ಹಸಿ. ಅದರ ಮುಂದಿನದರಲ್ಲಿ ಟೊಮ್ಯಾಟೊ ಸಾಸು ನೀರಾಗಿ ಹರಿದು ಓವನ್ನಿನ ತಳ ಸೇರಿತು. ಅವರು ಬಿಡಲಿಲ್ಲ. ಸಾಸನ್ನು ಬೆಳ್ಳುಳ್ಳಿ ಹಾಕಿ ಗಟ್ಟಿಯಾಗುವ ತನಕ ಕುದಿಸಿದರು, ಓವನ್ ಚೆನ್ನಾಗಿ ಕಾಯುವ ತನಕ ತಾಳ್ಮೆಯಿಂದ ಕಾದರು. ಚೆಂಡಿನ ಹಾಗಲ್ಲ, ಹಿಟ್ಟು ಒತ್ತಿದಷ್ಟೂ ಬದಲಾಗುತ್ತದೆ ಎಂದು ಖುಷಿಪಡುತ್ತಿದ್ದರು. ನಾನಾಗಿದ್ದರೆ ಮೂರನೇ ದಿನಕ್ಕೇ ಪಾತ್ರೆ ಗೋಡೆಗೆ ಬೀಳುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಅತ್ತಿಗೆ ಹಿಟ್ಟು ಕಲಸಿಟ್ಟು ಸ್ನಾನಕ್ಕೆ ಹೋದರು. ಅಣ್ಣನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದವರ ಮುಂದೆ ಇವಳಿಗೆ ಅವಮಾನ ಆಗಬಾರದು ಎಂದು ತಾನೇ ಗಸಗಸ ನಾದಿ, ಬಟ್ಟೆ ಮುಚ್ಚಿ, ಏನೂ ಅರಿಯದವನಂತೆ ಪೇಪರ್ ಹಿಡಿದು ಕೂತ. ಅತ್ತಿಗೆ ಬಂದು ಬಟ್ಟೆ ಸರಿಸಿ ಬೆರಳು ಊರಿ ನೋಡಿದರು. ಹಿಟ್ಟು ಮಗುವಿನ ಕೆನ್ನೆಯಂತೆ ನುಣುಪಾಗಿತ್ತು. ಅವರ ಕೈಗೆ ಇನ್ನೂ ಅಷ್ಟು ಬಲ ಬಂದಿರಲಿಲ್ಲ.

"ನೀವು ನಾದಿದ್ರೆ ಹಿಟ್ಟು ಸರಿಹೋಗುತ್ತೆ ರೀ. ನನ್ನ ಕೈ ಸರಿಹೋಗಲ್ಲ."

ಅಣ್ಣನ ಕಣ್ಣು ತುಂಬಿತು. ನನ್ನದೂ. ಅತ್ತಿಗೆ ಆ ಹಿಟ್ಟನ್ನು, ಬನ್ನು ಮಾಡಿಕೋ ಎಂದು ನನ್ನ ಕೈಗೆ ಕೊಟ್ಟು, ಹೊಸದಾಗಿ ಮೈದಾ ಅಳೆದರು.

ಹಿಂದಿನ ಬೀದಿಯ ಸೊಸೆ ಬಂದಾಗ ಹೊಸ ಹಿಟ್ಟು ಉಬ್ಬಿ ಸಿದ್ಧವಾಗಿತ್ತು. ಅವಳನ್ನು ಅಡುಗೆಮನೆಯಲ್ಲೇ ಕೂರಿಸಿ, ಅತ್ತಿಗೆ ಹಿಟ್ಟನ್ನು ಎರಡು ಮುಷ್ಟಿಗಳ ಮೇಲೆ ಹಾಕಿಕೊಂಡು ತಿರುಗಿಸುತ್ತ ಅಗಲ ಮಾಡತೊಡಗಿದರು. ತಟ್ಟೆಯಷ್ಟಾಗುವಾಗ ನಡುವೆ ಹರಿಯಿತು. ಅಣ್ಣ ಮುಖ ಆಚೆ ತಿರುಗಿಸಿದ. ಅತ್ತಿಗೆ ಹಿಟ್ಟನ್ನು ಹಲಗೆಯ ಮೇಲೆ ಇಳಿಸಿ, ಹರಿದ ಬಟ್ಟೆ ಕಂಡರೆ ಹೇಗೋ ಹಾಗೆ, ಯೋಚನೆಯನ್ನೇ ಮಾಡದೆ ಎರಡು ಅಂಚುಗಳನ್ನು ಸೇರಿಸಿ ಚಿವುಟುತ್ತ ಹೋದರು. ಒಂದು ಚಿವುಟು, ಅದರ ಪಕ್ಕ ಇನ್ನೊಂದು. ಬಲಗೈಯ ಹೆಬ್ಬೆರಳು, ತೋರುಬೆರಳು. ಇಷ್ಟು ದಿನ ಒಂದನ್ನೊಂದು ಮುಟ್ಟದಿದ್ದ ಬೆರಳುಗಳು. ಹರಿದದ್ದೆಲ್ಲ ಮುಚ್ಚಿದ ಮೇಲೆ ಅವರಿಗೆ ಅರಿವಾಯಿತು. ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತರು.

ಪಿಜ್ಜಾ ಚೆನ್ನಾಗಿತ್ತು. ನಾದಿನಿಯೇ ಹೇಳುತ್ತಿದ್ದೇನೆ, ನಂಬಿ. ಅಂಚು ಹೊಂಬಣ್ಣಕ್ಕೆ ಬಂದಿತ್ತು, ಚಿವುಟಿದ ಜಾಗ ಮಾತ್ರ ತುಸು ದಪ್ಪ. ತಿನ್ನುತ್ತ ತಿನ್ನುತ್ತ ಆ ಸೊಸೆ ಸಂಕೋಚದಿಂದಲೇ ಮೆಷಿನ್ನಿನ ಮಾತೆತ್ತಿದಳು. ಅದನ್ನು ಕೊಡುವುದಿಲ್ಲಮ್ಮ ಎಂದು ಅಣ್ಣ ತಡವರಿಸಿದ. ಅವಳ ಮುಖ ಸಪ್ಪಗಾಯಿತು. ಅತ್ತಿಗೆ ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದರು.

"ಬಟ್ಟೆ ಹಿಡಿಯೋಷ್ಟು ಕೈ ಬಂದಿದೆ. ಕತ್ತರಿ ಹಿಡಿಯೋಷ್ಟು ಬಂದಿಲ್ಲ, ಬರುತ್ತೋ ಇಲ್ವೋ ಗೊತ್ತೂ ಇಲ್ಲ. ನಾಳೆಯಿಂದ ಬಾ. ನೀನು ಕತ್ತರಿಸು, ನಾನು ಹೊಲಿತೀನಿ."