ಕುರಿಯಜ್ಜನ ಬಿಪಿ ಮಾತ್ರೆ

ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ಪಕ್ಕದ ಮನೆಯ ಕುರಿಯಜ್ಜ, ಯಾರು ಏನೇ ತೊಂದರೆ ಹೇಳಿಕೊಂಡು ಬಂದರೂ ಕಂಬಳಿಯನ್ನು ಹೆಗಲಿಗೆಳೆದುಕೊಂಡು, "ಮೊದ್ಲು ನೀರು, ಆಮೇಲೆ ಮಾತು" ಅನ್ನುತ್ತಿದ್ದರು.

ದಿನವೂ ಅವರಿಗೆ ಬಿಪಿ ಮಾತ್ರೆ ನುಂಗಿಸುವ ಕೆಲಸವನ್ನು ಅವರ ಮಗಳು ನನಗೆ ಒಪ್ಪಿಸಿದ್ದಳು. ಒಮ್ಮೆ ಅಜ್ಜನಿಗೆ ಭೇದಿ ಹಿಡಿಯಿತು.

"ಕುರಿಗೆ ಭೇದಿ ಐತೆ ಅಂದ್ರೆ ಗುಳಿಗೆ ಹಾಕಲ್ಲ ಮೇಷ್ಟ್ರೇ, ನೀರು ಕುಡಿಸ್ತೀವಿ" ಅಂದರು.

"ನೀವು ಕುರಿ ಅಲ್ರೀ ಅಜ್ಜ" ಎಂದು ಮೂರು ದಿನವೂ ಎದುರಿಗೆ ನಿಂತು ನುಂಗಿಸಿದೆ.

ನಾಲ್ಕನೆಯ ದಿನ ಅವರು ಸುಸ್ತಾಗಿ ಕುಸಿದರು. ಚಳ್ಳಕೆರೆಗೆ ಕರೆದೊಯ್ದೆ. ಡಾಕ್ಟರು ಮಾತ್ರೆಯ ಚೀಟಿ ನೋಡಿದರು.

"ಇದು ಒಂದು ಹಾರ್ಮೋನಿನ ಕೆಲಸ ತಡೆದು ಬಿಪಿ ಇಳಿಸುತ್ತೆ. ಮಾಮೂಲಿ ದಿನ ಕಿಡ್ನೀನೂ ಕಾಯುತ್ತೆ. ಮೈಯಲ್ಲಿ ನೀರು ಬತ್ತಿದಾಗ ಮಾತ್ರ ಕಿಡ್ನಿಗೇ ಪೆಟ್ಟು. ಭೇದಿಯಲ್ಲಿ ಕೊಟ್ಟಿಲ್ಲ ತಾನೇ?"

"ನಾನೇ ಕೊಟ್ಟೆ ಸಾರ್. ಮೂರು."

ಮಂಚದ ಮೇಲಿದ್ದ ಅಜ್ಜ ಕಂಬಳಿಯ ತುದಿಯ ಗಂಟು ಬಿಚ್ಚಿದರು. ಒದ್ದೆಯಾಗಿ ಒಣಗಿದ ಮೂರು ಮಾತ್ರೆ ಅದರಲ್ಲಿದ್ದವು.

"ಗುಳಿಗೆ ದವಡೇಲಿಟ್ಕೊಂಡು ಆಮೇಲೆ ಉಗುಳೋದನ್ನ ಕುರಿ ಹತ್ರಾನೇ ಕಲ್ತಿದ್ದು" ಅಂದರು.

ನಾನು ಬಾಯಿ ತೆರೆದೆ. ಅಜ್ಜ ಕೈ ಎತ್ತಿದರು.

"ಮೊದ್ಲು ನೀರು ಕೊಡ್ರಿ ಮೇಷ್ಟ್ರೇ. ಆಮೇಲೆ ಬೈಯಿರಿ."