ಹದಿನೆಂಟು ಇಂಚಿನ ಫುಟ್‌ಪಾತು

ನಮ್ಮ ಬೀದಿಯ ಸುಧಾರಣಾ ಸಮಿತಿಯ ಅಧ್ಯಕ್ಷರನ್ನು ನಾವೆಲ್ಲ ಬೆನ್ನ ಹಿಂದೆ ಕರೆಯುವುದು ‘ಗಮನಕ್ಕೆ’ ಎಂದು. ಯಾರು ಏನೇ ದೂರು ಹೇಳಲಿ, ‘ಗಮನಕ್ಕೆ ತಂದಿದ್ದೇವೆ’ ಎಂದುಬಿಡುವುದು ಆ ಮಹಾನುಭಾವರ ಚಾಳಿ. ಯಾರ ಗಮನಕ್ಕೆ ಸ್ವಾಮಿ ಎಂದು ಕೇಳುವ ಧೈರ್ಯ ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಬರಲಿಲ್ಲ. ನಾನು ಬೀಗ ರಿಪೇರಿಯವನು. ನನ್ನ ಬಾಯಿಗೂ ಬೀಗ ಬಿದ್ದಿತ್ತು ಅನ್ನಿ.

ಕೇಳಿದವಳು ಪಕ್ಕದಂಗಡಿಯ ಟೈಲರಕ್ಕ. ಎಂಟಡಿ ಅಗಲದ ಅಂಗಡಿ, ಒಂದು ಹೊಲಿಗೆ ಯಂತ್ರ, ಕೊರಳಲ್ಲಿ ಸದಾ ಟೇಪು, ಬೀದಿಯವರೆಲ್ಲರ ಎದೆ, ಸೊಂಟ, ತೋಳು ಬರೆದಿಟ್ಟ ದಪ್ಪನೆಯ ಅಳತೆ ಪುಸ್ತಕ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೂ ಅವಳ ಮಾವನೂ ಇಬ್ಬರೇ. ಮಾವ ವಾಕರ್ ಹಿಡಿದು ವಾರಕ್ಕೆ ಮೂರು ಸಲ ಮೂಲೆಯ ಕ್ಲಿನಿಕ್ಕಿಗೆ ಹೋಗಬೇಕು. ತಿರುವಿನಲ್ಲಿ ಒಂದು ಲೈಟುಕಂಬ, ಅದಕ್ಕಂಟಿಕೊಂಡ ಕರೆಂಟಿನ ಪೆಟ್ಟಿಗೆ, ಎರಡೂ ಸೇರಿ ಫುಟ್‌ಪಾತನ್ನು ನುಂಗಿ ಕೂತಿದ್ದವು. ಅಲ್ಲಿ ರಸ್ತೆಗಿಳಿದಾಗಲೇ ಹೋದ ವರ್ಷ ಬೈಕೊಂದು ಗುದ್ದಿ ಮಾವನ ಸೊಂಟದ ಮೂಳೆ ಮುರಿದದ್ದು. ಇನ್ನೊಂದು ಸಲ ಬಿದ್ದರೆ ಮೇಲೇಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಬೀದಿಯನ್ನು ಹೊಸದಾಗಿ ಕಟ್ಟುವ ನಕ್ಷೆ ಬಂತು. ಕಲ್ಲುಬೆಂಚು, ಕಾರಂಜಿ, ಅಧ್ಯಕ್ಷರ ಹೆಸರು ಹೊತ್ತ ಕಮಾನು, ಎಲ್ಲ ಇತ್ತು. ಕಂಬವೂ ಇದ್ದಲ್ಲೇ ಇತ್ತು. ಸಭೆಯಲ್ಲಿ ಅಕ್ಕ ಎದ್ದು ಕೇಳಿದ್ದಕ್ಕೆ, ಫುಟ್‌ಪಾತು ಆರಡಿ ಇದೆ, ಧಾರಾಳವಾಯಿತು, ಕಂಬದ ವಿಷಯ ಗಮನಕ್ಕೆ ತಂದಿದ್ದೇವೆ ಎಂದರು ಅಧ್ಯಕ್ಷರು. ನಾವು ಹಲ್ಲುಕಿರಿದು ಚಪ್ಪಾಳೆ ತಟ್ಟಿದೆವು, ನಾಚಿಕೆಗೆಟ್ಟ ಜನ.

ಅಕ್ಕ ಕೂರಲಿಲ್ಲ. ಅಂಗಿ ಕತ್ತರಿಸುವಾಗ ಉಸಿರಾಡಲಿಕ್ಕೆಂದು ಸಡಿಲ ಬಿಟ್ಟೇ ಗುರುತು ಹಾಕುವವಳು ಅವಳು. ಈ ನಕ್ಷೆಯ ಪಂಡಿತರು ಬಟ್ಟೆ ಅಳೆದಿದ್ದರೇ ಹೊರತು ಮೈ ಅಳೆದಿರಲಿಲ್ಲ. ಅವಳು ಅಳತೆ ಪುಸ್ತಕ ಬಿಚ್ಚಿದಳು.

“ಪೆಟ್ಟಿಗೆಗೂ ಗೋಡೆಗೂ ನಡುವೆ ಹದಿನೆಂಟೇ ಇಂಚು ಸರ್. ನಮ್ಮ ಮಾವನ ವಾಕರ್ ಇಪ್ಪತ್ನಾಲ್ಕು. ಅದು ಹೋಗ್ಲಿ, ನೀವೇ ತೂರಲ್ಲ. ನಿಮ್ಮ ಸೊಂಟದ ಅಳತೆ ಓದ್ಲಾ?”

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಹೊಟ್ಟೆ ಒಳಗೆಳೆದುಕೊಂಡು, ಬೇಡಮ್ಮ ಬೇಡ ಎಂದರು. ಹನ್ನೊಂದು ವರ್ಷದ ಅರ್ಜಿಗಳಿಗೆ ಅಲುಗದ ಕಂಬ ಪೆಟ್ಟಿಗೆ ಸಮೇತ ಎಂಟೇ ದಿನದಲ್ಲಿ ಎದ್ದುಹೋಯಿತು.

ಮುಂದಿನದು ಕೇಳಿ. ಅದು ತಮ್ಮ ಸುದೀರ್ಘ ಹೋರಾಟದ ಫಲವೆಂದು ಸಾರಿ, ಆಸಾಮಿ ತಮಗೆ ತಾವೇ ಒಂದು ಸನ್ಮಾನ ಸಮಾರಂಭ ಇಟ್ಟುಕೊಂಡರು. ಅದಕ್ಕೆ ಕೋಟು ಹೊಲಿಸಿದ್ದೂ ಅಕ್ಕನ ಕೈಯಲ್ಲೇ. ವೇದಿಕೆ ಹಾಕಿಸಿದ್ದು ಎಲ್ಲಿ? ಕಂಬ ಕಿತ್ತ ಜಾಗದಲ್ಲಿ, ಗೋಡೆಯಿಂದ ರಸ್ತೆಯಂಚಿನವರೆಗೆ, ಇಡೀ ಫುಟ್‌ಪಾತಿನ ಮೇಲೆ!

ಬೆಳಿಗ್ಗೆ ಹತ್ತಕ್ಕೆ ಭಾಷಣ ಶುರುವಾಯಿತು. ಅದೇ ಹೊತ್ತಿಗೆ ಮಾವ ವಾಕರ್ ಕುಟ್ಟಿಕೊಂಡು ಬಂದರು, ಹಿಂದೆ ಅಕ್ಕ. ಅಧ್ಯಕ್ಷರು ಮೈಕಿನಲ್ಲೇ ಬೆಣ್ಣೆಯಂಥ ದನಿಯಲ್ಲಿ, “ಅಜ್ಜಾ, ಸ್ವಲ್ಪ ರಸ್ತೆಗಿಳಿದು ಹೋಗಿಬಿಡಿ” ಎಂದರು.

ಮಾವ ವಾಕರ್ ಊರಿ ನಿಂತರು. “ಇಳಿಯಲ್ಲಪ್ಪ. ನೀನು ತೆಗೆಯೋ ತನಕ ಕಾಯ್ತೀನಿ.”

ಅಕ್ಕ ಮುಂದಿನ ಸಾಲಿನಿಂದ ಒಂದು ಕುರ್ಚಿ ಎಳೆದು ತಂದು ಅವರನ್ನು ಕೂರಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಏಳಲೂ ಇಲ್ಲ. ನಮ್ಮ ಯೋಗ್ಯತೆಯೇ ಅಷ್ಟು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅಂಗಡಿಗೆ ಹೋಗಿ ಸ್ಪ್ಯಾನರ್ ತಂದು, ವೇದಿಕೆಯ ಮೊದಲನೇ ಬೋಲ್ಟಿಗೆ ಹಾಕಿ ತಿರುಗಿಸಿದೆ. ಹಲಗೆ ಅಲುಗಿತು. ಅಧ್ಯಕ್ಷರು ಮೈಕು ಬಿಟ್ಟು ಬಗ್ಗಿ, ಏನು ಮಾಡ್ತಿದ್ದೀಯ ಎಂದು ಗದರಿದರು.

“ಗಮನಕ್ಕೆ ತರ್ತಿದ್ದೀನಿ ಸರ್,” ಎಂದೆ.