ಪಾಳೆಯಗಾರನ ಪಕ್ಕದ ಇಬ್ಬರು

ಕಾದಂಬರಿ ಓದುವಾಗ ನಾನು ಮಹಾ ಧೈರ್ಯವಂತೆ. ಹೋದ ತಿಂಗಳು ಅರಸೀಕೆರೆಯ ಲೈಬ್ರರಿಯಿಂದ ಒಂದು ಹಳೆಯ ಕಾದಂಬರಿ ತಂದಿದ್ದೆ. ಸೋತು ಕಂಗೆಟ್ಟ ಪಾಳೆಯಗಾರನನ್ನು ಸೈನ್ಯವೆಲ್ಲ ಬಿಟ್ಟುಹೋಗುತ್ತದೆ, ಇಬ್ಬರು ಗೆಳೆಯರು ಮಾತ್ರ ಉಳಿಯುತ್ತಾರೆ. ಮೂರನೆಯವಳಾಗಿ ನಾನೂ ಹೋಗಿ ನಿಂತೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಕತ್ತಿ!

ಅಷ್ಟರಲ್ಲಿ ಗಾಯತ್ರಿ ನೆನಪಾದಳು. ಪುಟ ಮುಂದೆ ಸಾಗಲಿಲ್ಲ.

ಗಾಯತ್ರಿ ನಾನು ಪಾಠ ಮಾಡುವ ಶಾಲೆಯ ಮುಖ್ಯೋಪಾಧ್ಯಾಯಿನಿ, ನನ್ನ ಹಳೆಯ ಗೆಳತಿ. ನಾನು ಆ ಕಾದಂಬರಿ ಹಿಡಿಯುವ ನಾಲ್ಕು ದಿನ ಮುಂಚೆ, ಬೇಲೂರು-ಹಳೇಬೀಡು ಪ್ರವಾಸಕ್ಕೆಂದು ಬಂದ ಬಸ್ಸಿನ ಟೈರು ಸವೆದು ನುಣ್ಣಗಾಗಿದ್ದು ಕಂಡು, ಹತ್ತಿ ಕೂತಿದ್ದ ಮಕ್ಕಳನ್ನೆಲ್ಲ ಇಳಿಸಿಬಿಟ್ಟಿದ್ದಳು. ಮರುದಿನ ನಾವು ಶಿಕ್ಷಕರೆಲ್ಲ ಅವಳ ಕೋಣೆಯಲ್ಲಿದ್ದಾಗಲೇ ಪೋಷಕರು ನುಗ್ಗಿದರು.

“ಮಕ್ಳು ಅಳ್ತಾ ಮನೇಗ್ ಬಂದ್ವಲ್ಲ ಮೇಡಂ, ಟೈರ್ ನೋಡಕ್ಕೆ ನೀವೇನ್ ಮೆಕ್ಯಾನಿಕ್ಕಾ?” ಎಂದು ಒಬ್ಬರು ಕೂಗಿದರು.

ಗಾಯತ್ರಿ ನನ್ನತ್ತ ನೋಡಿದಳು. ಆ ಟೈರನ್ನು ಮೊದಲು ಕಂಡು ಅವಳಿಗೆ ತೋರಿಸಿದವಳೇ ನಾನು. ಆದರೂ ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಿದೆ. ಅವಳ ಪರವಾಗಿ ಬಾಯಿಬಿಟ್ಟವರು ಡ್ರಿಲ್ ಮೇಷ್ಟ್ರು ಮತ್ತು ಬಿಸಿಯೂಟದ ರಂಗಮ್ಮ, ಇಬ್ಬರೇ. “ಮಕ್ಳ ಜೀವ ದೊಡ್ದು ಕಣ್ರಪ್ಪಾ” ಎಂದಳು ರಂಗಮ್ಮ, ಸೌಟು ಹಿಡಿದುಕೊಂಡೇ.

ಅಂದಿನಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋಗುತ್ತಿದ್ದೆ, ಬಾಗಿಲಿನಿಂದ ಫೋನಿಗೆ. ನಂಬರು ಒತ್ತುವುದು, ಅಳಿಸುವುದು. ಪಾಳೆಯಗಾರನನ್ನು ಬಿಟ್ಟುಹೋದ ಸೈನಿಕರಿಗೂ ಹೀಗೇ ಆಗಿತ್ತೋ ಏನೋ! ಕಾದಂಬರಿ ಬರೆಯುವವರು ಅವರ ಸುದ್ದಿಯನ್ನೇ ಎತ್ತುವುದಿಲ್ಲ.

ಭಾನುವಾರ ತಡೆಯಲಾಗದೆ ಗಾಯತ್ರಿಯ ಮನೆಯಿದ್ದ ಹಾರನಹಳ್ಳಿಯ ಬಸ್ಸು ಹತ್ತಿದೆ. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಟೈರು ತೋರಿಸಿದ್ದು ನಾನು ಅಂತ ಯಾಕೆ ಹೇಳ್ಲಿಲ್ಲ?” ಎಂದೆ.

“ನಿನ್ನ ಹೆಸರು ನಾನ್ಯಾಕೆ ಎತ್ಲಿ? ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ ಕಣೇ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮರುದಿನವೇ ಪೋಷಕರ ಸಭೆಯಿತ್ತು. ಎದ್ದು ನಿಂತೆ. ರಾತ್ರಿಯೆಲ್ಲ ಸಿದ್ಧಪಡಿಸಿದ್ದ ಭಾಷಣ ಮರೆತೇಹೋಯಿತು. “ಟೈರು ಮೊದಲು ನೋಡಿದ್ದು ನಾನು. ನನ್ನ ಮಗಳು ಕೂತಿದ್ರೂ ಇಳಿಸ್ತಿದ್ದೆ” ಎಂದಷ್ಟೇ ಹೇಳಿ ಕೂತುಬಿಟ್ಟೆ.

“ಇದನ್ನ ಅವತ್ತೇ ಹೇಳಬಾರ್ದಿತ್ತಾ ಮೇಡಂ?” ಎಂದರು ಅಂದು ಕೂಗಿದ್ದವರು. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಬೇರೆ ಬಸ್ಸಿನಲ್ಲಿ ಬೇಲೂರು-ಹಳೇಬೀಡಿಗೆ ಹೋಗುವುದೆಂದು ತೀರ್ಮಾನವಾಯಿತು.

ಪಕ್ಕದಲ್ಲಿ ಕೂತಿದ್ದ ಗಾಯತ್ರಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನನ್ನ ಇನ್ನೊಂದು ಕೈಯಲ್ಲಿ ಕತ್ತಿಯೇನೂ ಇರಲಿಲ್ಲ, ಅದೇ ಹಾಜರಿ ಪುಸ್ತಕವಿತ್ತು.